ಅಭಿಧಮನಿ ತಡೆಯ ಅಪರೂಪದ ಮುಖಗಳು: ಮೈಸೂರಿನ ಒಂದು ರೆಟಿನಾ ವಿಭಾಗದ ಸೇವೆಯ ವಿಮರ್ಶೆ

ಮೈಸೂರಿನ ಒಂದು ಖಾಸಗಿ ಕಣ್ಣಾಸ್ಪತ್ರೆಯ ರೆಟಿನಾ ವಿಭಾಗದಲ್ಲಿ ಕಳೆದ ವರ್ಷದಿಂದ ನನ್ನ ತಮ್ಮನಿಗೆ ಚಿಕಿತ್ಸೆ ನಡೆಯುತ್ತಿದೆ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಆಸ್ಪತ್ರೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಯಾವ ಊರಿನ ರೆಟಿನಾ ವಿಭಾಗಕ್ಕೆ ಹೋಗುವವರಿಗೂ ಅಲ್ಲಿನ ಸೇವೆಯನ್ನು ಅಳೆಯಲು ಈ ಬರಹ ನೆರವಾಗಬೇಕು ಎಂಬುದು ನನ್ನ ಉದ್ದೇಶ. ನನ್ನ ಅಳತೆಗೋಲು ಒಂದೇ: ಅಕ್ಷಿಪಟಲದ (ರೆಟಿನಾದ) ಅಭಿಧಮನಿ ಮುಚ್ಚಿಕೊಳ್ಳುವ ಕಾಯಿಲೆ ಪಠ್ಯಪುಸ್ತಕದಲ್ಲಿರುವಂತೆ ಕಾಣಿಸಿಕೊಳ್ಳದೆ ಬೇರೆ ವೇಷದಲ್ಲಿ ಬಂದಾಗ ವಿಭಾಗವು ಅದನ್ನು ಗುರುತಿಸುತ್ತದೆಯೇ, ಗುರುತಿಸಿದ ಮೇಲೆ ಅಭಿಧಮನಿ ಏಕೆ ಮುಚ್ಚಿಕೊಂಡಿತು ಎಂದು ಕೇಳುತ್ತದೆಯೇ ಎಂಬುದು. ಕಟ್ಟಡದ ಹೊಳಪು ಮತ್ತು ಸ್ವಾಗತಕಾರರ ನಗುಮುಖ ಇವೆಲ್ಲ ಅದರ ನಂತರದ ಮಾತು.

ಅಕ್ಷಿಪಟಲದಿಂದ ಮಲಿನ ರಕ್ತವನ್ನು ಹೊರಗೆ ಸಾಗಿಸುವ ಅಭಿಧಮನಿ ಮುಚ್ಚಿಕೊಂಡರೆ ರಕ್ತ ಹಿಂದಕ್ಕೆ ಒತ್ತರಿಸಿ, ಸಣ್ಣ ನಾಳಗಳು ಸೋರತೊಡಗಿ, ಅಕ್ಷಿಪಟಲದಲ್ಲಿ ರಕ್ತಸ್ರಾವವೂ ನೇರ ನೋಟಕ್ಕೆ ಬೇಕಾದ ಅದರ ಮಧ್ಯಭಾಗವಾದ ಮ್ಯಾಕುಲಾದಲ್ಲಿ ಊತವೂ ಉಂಟಾಗುತ್ತವೆ. ಅಕ್ಷಿಪಟಲದ ರಕ್ತನಾಳಗಳ ಕಾಯಿಲೆಗಳಲ್ಲಿ ಮಧುಮೇಹದ ರೆಟಿನೋಪತಿಯ ನಂತರ ಅತಿ ಹೆಚ್ಚಾಗಿ ಕಾಣುವುದು ಇದೇ. ಕಣ್ಣಿನ ನರ ಹೊರಬೀಳುವ ಜಾಗದ ಹಿಂದೆ ಮುಖ್ಯ ಅಭಿಧಮನಿಯೇ ಮುಚ್ಚಿಕೊಳ್ಳಬಹುದು. ಇಲ್ಲವೇ ಅಪಧಮನಿ ಮತ್ತು ಅಭಿಧಮನಿ ಒಂದೇ ಹೊದಿಕೆಯೊಳಗೆ ಒಂದರ ಮೇಲೊಂದು ದಾಟುವ ಕಡೆ, ಗಡುಸಾದ ಅಪಧಮನಿಯ ಒತ್ತಡಕ್ಕೆ ಸಿಕ್ಕಿ ಒಂದು ಕವಲು ಮಾತ್ರ ಮುಚ್ಚಿಕೊಳ್ಳಬಹುದು. ಅರವತ್ತು ದಾಟಿದ, ರಕ್ತದೊತ್ತಡ ಇರುವ ವ್ಯಕ್ತಿ ಒಂದು ಬೆಳಿಗ್ಗೆ ಏಳುವಾಗ ನೋವೇನೂ ಇಲ್ಲದೆ ಒಂದು ಕಣ್ಣು ಮಂಜಾಗಿರುವುದು, ಪರೀಕ್ಷಿಸಿದಾಗ ಅಕ್ಷಿಪಟಲದ ತುಂಬ ರಕ್ತದ ಕಲೆಗಳು ಕಾಣುವುದು ಇದರ ಪರಿಚಿತ ಚಿತ್ರ. ಇಂಥ ಪ್ರಕರಣವನ್ನು ಯಾವ ಕಣ್ಣಿನ ವೈದ್ಯರೂ ತಪ್ಪಿಸಿಕೊಳ್ಳುವುದಿಲ್ಲ. ಆದ್ದರಿಂದಲೇ ಅದರ ಆಧಾರದ ಮೇಲೆ ಒಂದು ವಿಭಾಗವನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ತಮ್ಮನಿಗೆ 37 ವರ್ಷ, ಬ್ಯಾಂಕಿನಲ್ಲಿ ಕೆಲಸ. ರಕ್ತದೊತ್ತಡ, ಸಕ್ಕರೆ ಯಾವುದೂ ಇರಲಿಲ್ಲ. ಕಂಪ್ಯೂಟರ್ ಪರದೆಯ ಅಂಕಿಗಳ ಸಾಲಿನಲ್ಲಿ ಎಡಭಾಗದ ಒಂದೆರಡು ಅಂಕಿಗಳು ಬಲಗಣ್ಣಿಗೆ ಕಾಣಿಸುತ್ತಿಲ್ಲ ಎಂಬುದಷ್ಟೇ ಅವನ ದೂರು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಅವನು ಗೋಡೆಯ ಮೇಲಿನ ಫಲಕದ ಕೊನೆಯ ಸಾಲಿನವರೆಗೂ ಓದಿದ. ದೃಷ್ಟಿ 6/6, ಅಂದರೆ ಸಹಜ ಎಂದು ಬರೆದುಕೊಟ್ಟು, ಇದು ಮೈಗ್ರೇನ್ ಇರಬಹುದೆಂದು ಮಾತ್ರೆ ಕೊಟ್ಟು ಕಳುಹಿಸಿದರು. ಎರಡು ವಾರ ಕಳೆದರೂ ಕಲೆ ಕದಲಲಿಲ್ಲ. ಮೈಗ್ರೇನಿನ ದೃಷ್ಟಿದೋಷ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮಾಯವಾಗುವಂಥದು ಮತ್ತು ಎರಡೂ ಕಣ್ಣುಗಳಿಗೆ ಕಾಣುವಂಥದು. ಒಂದೇ ಕಣ್ಣಿನಲ್ಲಿ ಒಂದೇ ಜಾಗದಲ್ಲಿ ನಿಂತ ಕಲೆಗೆ ಆ ವಿವರಣೆ ಹೊಂದುವುದಿಲ್ಲ ಎಂದು ರೆಟಿನಾ ವಿಭಾಗದಲ್ಲಿ ಮೊದಲು ಪರೀಕ್ಷಿಸಿದ ಆಪ್ಟೊಮೆಟ್ರಿಸ್ಟ್ ಹುಡುಗಿಯೇ ಹೇಳಿದಳು. ಅವಳು ಫಲಕ ಓದಿಸಿ ಅಷ್ಟಕ್ಕೇ ಬಿಡಲಿಲ್ಲ. ಚೌಕುಳಿಗಳಿರುವ ಆಮ್ಸ್ಲರ್ ಹಾಳೆಯನ್ನು ಕೈಗೆ ಕೊಟ್ಟು, “ಮಧ್ಯದ ಚುಕ್ಕೆ ನೋಡ್ತಾನೇ ಇರಿ ಸರ್, ಗೆರೆ ಎಲ್ಲಿ ಕಾಣೋದಿಲ್ಲವೋ ಅಲ್ಲಿ ನೀವೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ” ಎಂದಳು. ತಮ್ಮ ಚುಕ್ಕೆಯ ಎಡಕ್ಕೆ ಅವರೆಕಾಳಿನ ಆಕಾರದ ಒಂದು ಜಾಗವನ್ನು ಬಳಿದು ತೋರಿಸಿದ. ಆ ಹಾಳೆಯನ್ನು ಕಡತಕ್ಕೆ ಪಿನ್ ಮಾಡಿಟ್ಟರು, ಮುಂದಿನ ಪ್ರತಿ ಭೇಟಿಯಲ್ಲೂ ಹೊಸ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಮೂರು ಕಾಸಿನ ಕಾಗದದಿಂದ ಇಷ್ಟು ಕೆಲಸ ತೆಗೆಯುವ ವಿಭಾಗದ ಮೇಲೆ ನನಗೆ ಆಗಲೇ ನಂಬಿಕೆ ಹುಟ್ಟಿತು.

ಪಾಪೆ ಅಗಲಿಸುವ ಹನಿ ಹಾಕುವ ಮೊದಲು ಮಾಡಬೇಕಾದ ಎರಡು ಪರೀಕ್ಷೆಗಳಿವೆ. ಹನಿ ಹಾಕಿದ ಮೇಲೆ ಅವುಗಳಿಂದ ಪ್ರಯೋಜನವಿಲ್ಲ. ಮೊದಲನೆಯದರಲ್ಲಿ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಡಿಸಿ, ಪಾಪೆಗಳು ಸಮನಾಗಿ ಕಿರಿದಾಗುತ್ತವೆಯೇ ಎಂದು ನೋಡುತ್ತಾರೆ. ರಕ್ತಪೂರೈಕೆ ತೀರಾ ಕಡಿದುಹೋದ ಅಕ್ಷಿಪಟಲವಾಗಿದ್ದರೆ ಟಾರ್ಚ್ ಆ ಕಣ್ಣಿಗೆ ಬಂದಾಗ ಪಾಪೆಗಳು ಕಿರಿದಾಗಿ ಉಳಿಯದೆ ಅಗಲವಾಗುತ್ತವೆ. ಎರಡನೆಯದರಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಅಂಚಿನಲ್ಲೂ ಅದರ ಮೂಲೆಯಲ್ಲೂ ಹೊಸ ರಕ್ತನಾಳಗಳು ಚಿಗುರಿವೆಯೇ ಎಂದು ಸ್ಲಿಟ್ ಲ್ಯಾಂಪಿನಲ್ಲೂ ಗೋನಿಯೋಸ್ಕೋಪ್ ಎಂಬ ಮಸೂರದಲ್ಲೂ ನೋಡುತ್ತಾರೆ. ಜನಸಂದಣಿಯಿರುವ ಆಸ್ಪತ್ರೆಗಳಲ್ಲಿ ಹನಿ ಹಾಕುವ ನರ್ಸ್ ಬಾಗಿಲಲ್ಲೇ ನಿಂತಿರುತ್ತಾರೆ. ವೈದ್ಯರು ರೋಗಿಯನ್ನು ನೋಡುವಷ್ಟರಲ್ಲಿ ಪಾಪೆ ಅಗಲವಾಗಿಬಿಟ್ಟಿರುತ್ತದೆ. ಇಲ್ಲಿ ಕಡತದ ಮೇಲೆ “ಹನಿ ಬೇಡ, ಮೊದಲು ವೈದ್ಯರು” ಎಂಬ ಕೆಂಪು ಚೀಟಿ ಅಂಟಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಎಲ್ಲ ಆಸ್ಪತ್ರೆಗಳಲ್ಲೂ ಇರಬೇಕಾದ ಪದ್ಧತಿ ಇದು.

ಈ ಎಚ್ಚರ ಎಷ್ಟು ಬೆಲೆಯುಳ್ಳದ್ದು ಎಂಬುದು ನಮಗೆ ದೊಡ್ಡಪ್ಪನವರ ವಿಷಯದಲ್ಲಿ ಮೊದಲೇ ತಿಳಿದಿತ್ತು. ಅವರು ಕೆಂಗಣ್ಣು, ಅಸಾಧ್ಯ ತಲೆನೋವು, ವಾಂತಿ ಎಂದು ನಮ್ಮೂರಿನಲ್ಲಿ ತೋರಿಸಿದಾಗ ಮದ್ರಾಸ್ ಐ ಎಂದು ಹನಿ ಕೊಟ್ಟಿದ್ದರು. ಇದೇ ರೆಟಿನಾ ವಿಭಾಗಕ್ಕೆ ಕರೆತಂದಾಗ ಅದು ನಿಯೋವ್ಯಾಸ್ಕುಲರ್ ಗ್ಲಾಕೋಮಾ ಎಂದು ಗೊತ್ತಾಯಿತು. ಮೂರ್ನಾಲ್ಕು ತಿಂಗಳ ಹಿಂದೆ ಮುಖ್ಯ ಅಭಿಧಮನಿ ಮುಚ್ಚಿಕೊಂಡಿದ್ದಾಗ ಮಂಜಾದ ಕಣ್ಣನ್ನು ಪೊರೆ ಬಂದಿರಬೇಕೆಂದು ಅವರು ಯಾರಿಗೂ ಹೇಳಿರಲೇ ಇಲ್ಲ. ಆಮ್ಲಜನಕವಿಲ್ಲದೆ ನರಳುವ ಅಕ್ಷಿಪಟಲ ಹೊರಡಿಸುವ ವಿಇಜಿಎಫ್ ಎಂಬ ಅಂಶದಿಂದ ಐರಿಸ್ ಮೇಲೆ ಹೊಸ ನಾಳಗಳು ಬೆಳೆದು, ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿಯನ್ನು ಮುಚ್ಚಿ, ಒತ್ತಡವನ್ನು ಏರಿಸುತ್ತವೆ. ಇದು ಅಭಿಧಮನಿ ಮುಚ್ಚಿಕೊಂಡ ಸುಮಾರು ನೂರು ದಿನಗಳ ಹೊತ್ತಿಗೆ ಕಾಣಿಸಿಕೊಳ್ಳುವುದರಿಂದ ನೂರು ದಿನದ ಗ್ಲಾಕೋಮಾ ಎಂದು ವೈದ್ಯರು ಹಿಂದಿನಿಂದಲೂ ಹೇಳುತ್ತಾರೆ. ದೊಡ್ಡಪ್ಪನವರಿಗೆ ಇಂಜೆಕ್ಷನ್, ಲೇಸರ್, ಒತ್ತಡ ಇಳಿಸುವ ಹನಿಗಳಿಂದ ನೋವು ಹೋಯಿತು, ಆದರೆ ದೃಷ್ಟಿ ಮರಳಲಿಲ್ಲ. ನೋವಿಲ್ಲದೆ ಬರುವ ಕಾಯಿಲೆ ಎಂದು ಎಲ್ಲರೂ ಹೇಳುವ ಅಭಿಧಮನಿ ತಡೆ ಅವರ ಪಾಲಿಗೆ ನೋವಿನ ರೂಪದಲ್ಲೇ ಮೊದಲು ಪತ್ತೆಯಾಯಿತು.

ತಮ್ಮನ ಅಕ್ಷಿಪಟಲವನ್ನು ವೈದ್ಯರು ಬಹಳ ಹೊತ್ತು ನೋಡಿದರು. ರಕ್ತದ ಕಲೆ ಒಂದೆರಡಕ್ಕಿಂತ ಹೆಚ್ಚಿರಲಿಲ್ಲ, ಅಭಿಧಮನಿಗಳು ಸ್ವಲ್ಪ ಉಬ್ಬಿ ವಕ್ರವಾಗಿದ್ದವು, ಅಷ್ಟೇ. ಅವಸರದಲ್ಲಿರುವವರು ಇದನ್ನು ಸಹಜ ಎಂದು ಬಿಡುವ ಸಾಧ್ಯತೆ ಇತ್ತು. ಒಸಿಟಿ ಸ್ಕ್ಯಾನಿನಲ್ಲಿ ಅಕ್ಷಿಪಟಲದ ಪದರಗಳು ಅಡ್ಡಕ್ಕೆ ಕೊಯ್ದಂತೆ ಕಾಣುತ್ತವೆ. ಅದರ ಮಧ್ಯದ ಪದರದಲ್ಲಿ, ತಮ್ಮ ಪೆನ್ಸಿಲಿನಲ್ಲಿ ಗುರುತಿಸಿದ್ದ ಜಾಗಕ್ಕೆ ಸರಿಯಾಗಿ, ಒಂದು ಬಿಳಿಯ ಪಟ್ಟಿ ಹೊಳೆಯುತ್ತಿತ್ತು. ಆಳದ ಲೋಮನಾಳಗಳ ಜಾಲಕ್ಕೆ ರಕ್ತ ಸಾಲದೆ ಆ ಪದರ ಊದಿಕೊಂಡಿರುವುದರ ಗುರುತು ಇದು. ಪ್ಯಾರಾಸೆಂಟ್ರಲ್ ಅಕ್ಯೂಟ್ ಮಿಡಲ್ ಮ್ಯಾಕ್ಯುಲೋಪತಿ ಎಂಬ ಉದ್ದನೆಯ ಹೆಸರಿನಲ್ಲಿ 2013ರಲ್ಲಿ ವಿವರಿಸಲಾದ ಈ ಸ್ಥಿತಿ, ಮುಖ್ಯ ಅಭಿಧಮನಿಯಲ್ಲಿ ಹರಿವು ನಿಧಾನವಾಗುತ್ತಿರುವುದರ ಮೊದಲ ಸುಳಿವಾಗಿರಬಹುದು. ಅಕ್ಷಿಪಟಲದಲ್ಲಿ ರಕ್ತ ಹರಡುವ ಮೊದಲೇ, ಫಲಕದ ಅಕ್ಷರಗಳು ಪೂರ್ತಿ ಓದಲು ಬರುತ್ತಿರುವಾಗಲೇ ಇದು ಕಾಣಿಸಿಕೊಳ್ಳಬಹುದು. ವೈದ್ಯರು ಸ್ಕ್ಯಾನನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಆಮ್ಸ್ಲರ್ ಹಾಳೆಯನ್ನು ಪಕ್ಕದಲ್ಲಿ ಹಿಡಿದು, “ನೀವು ಬರೆದದ್ದೂ ಯಂತ್ರ ತೋರಿಸಿದ್ದೂ ಒಂದೇ ಜಾಗ ನೋಡಿ” ಎಂದು ತಮ್ಮನಿಗೆ ತೋರಿಸಿದರು. ತನ್ನ ಮಾತನ್ನು ಯಾರೂ ನಂಬುತ್ತಿಲ್ಲ ಎಂದು ವಾರಗಟ್ಟಲೆ ಕೊರಗಿದ್ದವನಿಗೆ ಆ ಒಂದು ನಿಮಿಷ ಅರ್ಧ ಚಿಕಿತ್ಸೆಯಾಯಿತು ಎಂದೇ ನಾನು ಭಾವಿಸುತ್ತೇನೆ.

ಅದೇ ದಿನ ಫ್ಲೋರೆಸಿನ್ ಆಂಜಿಯೋಗ್ರಫಿಯೂ ಆಯಿತು. ಕೈಯ ನಾಳಕ್ಕೆ ಹಳದಿ ಬಣ್ಣದ ದ್ರವವನ್ನು ಕೊಟ್ಟು, ಅದು ಕಣ್ಣಿನ ನಾಳಗಳಲ್ಲಿ ಹರಿಯುವುದನ್ನು ಸಾಲುಸಾಲಾಗಿ ಚಿತ್ರ ತೆಗೆಯುತ್ತಾರೆ. ಅಭಿಧಮನಿಗಳು ತುಂಬಿಕೊಳ್ಳಲು ತಡವಾಗುತ್ತಿದ್ದುದು ಅದರಲ್ಲಿ ದೃಢಪಟ್ಟಿತು. ಸ್ವಲ್ಪ ವಾಕರಿಕೆ ಬರಬಹುದು, ಚರ್ಮ ಕೆಲವು ಗಂಟೆ ಹಳದಿಯಾಗಬಹುದು, ಮೂತ್ರ ಒಂದು ದಿನ ಕಡು ಹಳದಿಯಾಗಿ ಹೋಗುತ್ತದೆ, ಹೆದರಬೇಡಿ ಎಂದು ತಂತ್ರಜ್ಞರು ಮುಂಚಿತವಾಗಿ ಹೇಳಿದರು. ಅಲರ್ಜಿಯ ಇತಿಹಾಸ ಕೇಳಿ ಬರೆದುಕೊಂಡರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೆಲಸ ಅಚ್ಚುಕಟ್ಟಾಗಿತ್ತು.

ನಾನು ಅತಿ ಹೆಚ್ಚು ಅಂಕ ಕೊಡುವುದು ನಂತರ ನಡೆದುದಕ್ಕೆ. ಮ್ಯಾಕುಲಾದಲ್ಲಿ ಊತ ಇಲ್ಲದಿದ್ದುದರಿಂದ ಅದನ್ನು ಇಳಿಸಲು ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಅಂದು ಕೊಡಲಿಲ್ಲ. ಅದರ ಬದಲು ವೈದ್ಯರು ಪ್ರಶ್ನೆಗಳ ಒಂದು ಉದ್ದ ಪಟ್ಟಿಯನ್ನೇ ಕೇಳಿದರು: ಬಾಯಿಹುಣ್ಣು, ಕೀಲುನೋವು, ಜ್ವರ, ತೂಕ ಇಳಿಕೆ, ಕ್ಷಯರೋಗಿಗಳ ಸಂಪರ್ಕ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದ ಇತಿಹಾಸ, ಕುಟುಂಬದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನ ಪಾರ್ಶ್ವವಾಯು. ಮಹಿಳೆಯಾಗಿದ್ದರೆ ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಕೇಳುತ್ತಿದ್ದೆ ಎಂದರು. ನಲವತ್ತರೊಳಗಿನವರಲ್ಲಿ ಅಭಿಧಮನಿ ಮುಚ್ಚಿಕೊಂಡರೆ ಕಾರಣವನ್ನು ಹುಡುಕದೆ ಬಿಡಬಾರದು ಎಂಬುದು ಅವರ ನಿಲುವು. ನಮ್ಮ ದೇಶದ ಯುವಕರಲ್ಲಿ ಕಾಣುವ, ಕ್ಷಯಕ್ಕೂ ನಂಟಿರುವ ಈಲ್ಸ್ ಕಾಯಿಲೆ ಕೂಡ ಅಭಿಧಮನಿಯ ಉರಿಯೂತದಿಂದಲೇ ಆರಂಭವಾಗುತ್ತದೆ ಮತ್ತು ಕೆಲವೊಮ್ಮೆ ಕಣ್ಣಿನೊಳಗೆ ಒಮ್ಮೆಲೇ ರಕ್ತ ತುಂಬಿ ಎಲ್ಲವೂ ಕಪ್ಪಾಗುವ ರೂಪದಲ್ಲೇ ಮೊದಲು ಗೊತ್ತಾಗುತ್ತದೆ. ಎರಡೂ ಕಣ್ಣುಗಳಲ್ಲಿ ಒಟ್ಟಿಗೇ ಅಭಿಧಮನಿಗಳು ಉಬ್ಬಿ ರಕ್ತ ಕಾಣಿಸಿದರೆ ಅದು ಕಣ್ಣಿಗೆ ಸೀಮಿತವಾದ ಕಾಯಿಲೆಯಲ್ಲ. ಮಲ್ಟಿಪಲ್ ಮೈಲೋಮಾ, ಲ್ಯುಕೇಮಿಯಾ, ಪಾಲಿಸೈಥೀಮಿಯಾದಂಥ ರಕ್ತವನ್ನು ದಪ್ಪವಾಗಿಸುವ ಕಾಯಿಲೆಗಳನ್ನು ಅದೇ ದಿನ ಹುಡುಕಬೇಕು. ಕಣ್ಣಿನ ವೈದ್ಯರು ಕೇಳುವ ಒಂದು ಸಾಮಾನ್ಯ ರಕ್ತಪರೀಕ್ಷೆಯಿಂದ ಜೀವ ಉಳಿಯುವ ಸಂದರ್ಭಗಳು ಇರುವುದು ಹೀಗೆ. ಆ ಕಾರಣಕ್ಕೇ ಅವರು ತಮ್ಮನ ಆರೋಗ್ಯವಾಗಿದ್ದ ಎಡಗಣ್ಣನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರು.

ರಕ್ತಪರೀಕ್ಷೆಯಲ್ಲಿ ಹೋಮೋಸಿಸ್ಟೀನ್ ಮಟ್ಟ ಬಹಳ ಹೆಚ್ಚೂ ವಿಟಮಿನ್ ಬಿ12 ಬಹಳ ಕಡಿಮೆಯೂ ಬಂತು. ಹೋಮೋಸಿಸ್ಟೀನ್ ಎಂಬುದು ರಕ್ತದಲ್ಲಿರುವ ಒಂದು ಅಮೈನೋ ಆಮ್ಲ, ಅದು ಹೆಚ್ಚಾಗುವುದಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ನಂಟಿದೆ; ಲೀಟರಿಗೆ ಸುಮಾರು 15 ಮೈಕ್ರೋಮೋಲ್‌ನ ಒಳಗಿರಬೇಕು. ಅದನ್ನು ದೇಹದಲ್ಲಿ ಕರಗಿಸುವ ಕೆಲಸಕ್ಕೆ ಬಿ12 ಮತ್ತು ಫೋಲೇಟ್ ಬೇಕು. ಬಿ12 ಪ್ರಾಣಿಜನ್ಯ ಆಹಾರದಲ್ಲಷ್ಟೇ ಸಹಜವಾಗಿ ಸಿಗುವುದರಿಂದ, ಮೊಸರು ಮಜ್ಜಿಗೆ ಬಿಟ್ಟರೆ ಬೇರೇನೂ ಇಲ್ಲದ ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಅಪರೂಪವಲ್ಲ. ವಿಭಾಗವು ಫಿಸಿಶಿಯನ್‌ಗೆ ಒಂದು ಪುಟದ ಪತ್ರ ಬರೆದುಕೊಟ್ಟಿತು. ಅದರಲ್ಲಿ ಏನು ಕಂಡಿತು, ಏನನ್ನು ಅನುಮಾನಿಸುತ್ತೇವೆ, ಯಾವ ಪರೀಕ್ಷೆ ಬಾಕಿ ಎಂದು ಸ್ಪಷ್ಟವಾಗಿತ್ತು. ಬಿ12 ತೆಗೆದುಕೊಂಡರೆ ಕಣ್ಣು ಸರಿಹೋಗುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಿಲ್ಲ. ಕೊರತೆಯನ್ನು ತುಂಬುವುದು ಹೇಗಿದ್ದರೂ ಅಗತ್ಯ, ಕಣ್ಣನ್ನು ಪ್ರತ್ಯೇಕವಾಗಿ ಕಾಯಬೇಕು ಎಂದಷ್ಟೇ ಹೇಳಿದರು. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಕಾಯುವುದು ಎಂದರೆ ಕೈಕಟ್ಟಿ ಕೂರುವುದಾಗಿರಲಿಲ್ಲ. ಮುಖ್ಯ ಅಭಿಧಮನಿ ತಡೆಯ ಬಗ್ಗೆ ಅಮೆರಿಕದಲ್ಲಿ ನಡೆದ ಸೆಂಟ್ರಲ್ ವೇನ್ ಅಕ್ಲೂಶನ್ ಸ್ಟಡಿಯಲ್ಲಿ, ಆರಂಭದಲ್ಲಿ ರಕ್ತಪೂರೈಕೆ ಚೆನ್ನಾಗಿದ್ದ ಕಣ್ಣುಗಳಲ್ಲಿ ಶೇ. 34ರಷ್ಟು ಮೂರು ವರ್ಷಗಳಲ್ಲಿ ರಕ್ತ ಕಡಿದುಹೋದ ಸ್ಥಿತಿಗೆ ಜಾರಿದವು. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಬರಲು ಹೇಳಿದರು, ತಪ್ಪಿದಾಗ ಆಸ್ಪತ್ರೆಯಿಂದಲೇ ಫೋನ್ ಬಂತು. ಹಾಗೆ ಹೋದ ಒಂದು ಭೇಟಿಯಲ್ಲಿ ಮ್ಯಾಕುಲಾದಲ್ಲಿ ಊತ ಆರಂಭವಾಗಿರುವುದು ಒಸಿಟಿಯಲ್ಲಿ ಕಂಡಿತು. ದೃಷ್ಟಿ 6/12ಕ್ಕೆ ಇಳಿದಿತ್ತು. ಆಗ ಮಾತ್ರ ಇಂಜೆಕ್ಷನ್ ಮಾತು ಬಂದದ್ದು.

ಇಲ್ಲಿಂದ ವಿಭಾಗದ ಬಗ್ಗೆ ನನ್ನ ಮೆಚ್ಚುಗೆ ತುಸು ಕುಗ್ಗುತ್ತದೆ. ಔಷಧದ ಆಯ್ಕೆಯನ್ನು ವೈದ್ಯರು ವಿವರಿಸಲಿಲ್ಲ. ಕೌನ್ಸೆಲರ್ ಎಂಬ ಸಿಬ್ಬಂದಿಯ ಕೊಠಡಿಗೆ ಕಳುಹಿಸಿದರು. ಅಲ್ಲಿ ಮೂರು ಇಂಜೆಕ್ಷನ್‌ಗಳ ಪ್ಯಾಕೇಜ್ ದರವನ್ನು ಮೊದಲು ಹೇಳಿ, ಈಗಲೇ ಕಟ್ಟಿದರೆ ರಿಯಾಯಿತಿ ಎಂದರು. ಯಾವ ಔಷಧ, ಏಕೆ, ಬೇರೆ ಯಾವುದಿದೆ ಎಂದು ನಾನೇ ಕೇಳಿ ಕೇಳಿ ತಿಳಿಯಬೇಕಾಯಿತು. ವಿಷಯ ಇಷ್ಟು. ಕ್ಯಾನ್ಸರ್ ಔಷಧವಾದ ಬೆವಾಸಿಜುಮ್ಯಾಬ್ ಅನ್ನು ಸಣ್ಣ ಪ್ರಮಾಣಗಳಾಗಿ ಹಂಚಿ ಕಣ್ಣಿಗೆ ಕೊಡುವುದು ಎಲ್ಲಕ್ಕಿಂತ ಅಗ್ಗ, ಆದರೆ ಹಂಚುವಾಗ ಸೋಂಕು ತಗುಲದಂತೆ ಕಟ್ಟುನಿಟ್ಟಾಗಿರಬೇಕು. ರಾನಿಬಿಜುಮ್ಯಾಬ್ ಮತ್ತು ಅಫ್ಲಿಬರ್ಸೆಪ್ಟ್ ಕಣ್ಣಿಗೆಂದೇ ತಯಾರಾದವು, ಬೆಲೆ ಹಲವು ಪಟ್ಟು. ಭಾರತದಲ್ಲೇ ತಯಾರಾಗುವ ರಾನಿಬಿಜುಮ್ಯಾಬ್‌ನ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ಜೈವಿಕ ಔಷಧ) ರೇಜುಮ್ಯಾಬ್‌ಗೆ 2015ರಲ್ಲಿ ಅನುಮತಿ ದೊರೆತು, ಬೆಲೆಯ ಅಂತರ ಒಂದಿಷ್ಟು ತಗ್ಗಿದೆ. ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್‌ನ ಸಣ್ಣ ಕಡ್ಡಿಯನ್ನು ಕಣ್ಣಿನೊಳಗೆ ಇಡುವುದೂ ಉಂಟು. ಅದು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ, ಆದರೆ ಕಣ್ಣಿನ ಒತ್ತಡ ಏರುವ, ಪೊರೆ ಬೇಗ ಬರುವ ಅಪಾಯವಿದೆ. 2017ರ ಸ್ಕೋರ್-2 ಅಧ್ಯಯನದಲ್ಲಿ ಮುಖ್ಯವಾಗಿ ಮುಖ್ಯ ಅಭಿಧಮನಿ ತಡೆಯ ರೋಗಿಗಳಿಗೆ ಆರು ತಿಂಗಳ ಕೊನೆಯಲ್ಲಿ ಬೆವಾಸಿಜುಮ್ಯಾಬ್ ಅಫ್ಲಿಬರ್ಸೆಪ್ಟ್‌ಗಿಂತ ಕಡಿಮೆಯಲ್ಲ ಎಂದು ಕಂಡಿತು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಲೀವೋ ಅಧ್ಯಯನದಲ್ಲಿ ನೂರು ವಾರಗಳ ಕೊನೆಯಲ್ಲಿ ಆ ಮಾತನ್ನು ಸಾಬೀತುಪಡಿಸಲಾಗಲಿಲ್ಲ. ಇಷ್ಟನ್ನು ಹತ್ತು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿಬಿಡಬಹುದು. ಹೇಳಬೇಕಾದವರು ವೈದ್ಯರು, ಹಣ ಕಟ್ಟಿಸಿಕೊಳ್ಳುವವರಲ್ಲ. ಮೂರು ಇಂಜೆಕ್ಷನ್ ಬೇಕೋ ಆರು ಬೇಕೋ ಎಂಬುದು ಕಣ್ಣು ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲಿದೆ. ಅದನ್ನು ಮುಂಗಡ ಪ್ಯಾಕೇಜಿನಲ್ಲಿ ಕಟ್ಟಿಹಾಕುವುದನ್ನು ನಾನು ಒಪ್ಪಲಾರೆ.

ಒಪ್ಪಿಗೆ ಪತ್ರ ಸಂಪೂರ್ಣ ಇಂಗ್ಲಿಷಿನಲ್ಲಿತ್ತು. ಸುತ್ತಲಿನ ಹಳ್ಳಿಗಳಿಂದ, ಚಾಮರಾಜನಗರ, ಮಂಡ್ಯಗಳಿಂದ ಬರುವ ಹಿರಿಯರೇ ತುಂಬಿರುವ ಆಸ್ಪತ್ರೆಯಲ್ಲಿ, ಅದೂ ಪಾಪೆ ಅಗಲವಾಗಿ ಅಕ್ಷರವೇ ಕಾಣದ ಹೊತ್ತಿನಲ್ಲಿ, ಅಂಥ ಹಾಳೆಗೆ ಸಹಿ ಮಾಡಿಸಿಕೊಳ್ಳುವುದು ಸರಿಯಲ್ಲ. ವಿಮೆಯ ವಿಷಯದಲ್ಲೂ ಮಾಹಿತಿ ಸಾಲದು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಕಣ್ಣಿನೊಳಗಿನ ಇಂಜೆಕ್ಷನ್ ಕೂಡ ಇದೆ, ಕಂಪನಿಗಳು ಮೊತ್ತಕ್ಕೆ ಮಿತಿ ಹಾಕಬಹುದು ಅಷ್ಟೇ. ಇದನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ಫಲಕದ ಮೇಲೆ ಬರೆದಿದ್ದರೆ ಅದೆಷ್ಟೋ ಕುಟುಂಬಗಳು ಸಾಲ ಮಾಡುವುದು ತಪ್ಪುತ್ತಿತ್ತು.

ಇಂಜೆಕ್ಷನ್ ಕೊಡುವ ಕೆಲಸ ಮಾತ್ರ ನಿರ್ದೋಷವಾಗಿತ್ತು. ಹೆಸರು, ಯಾವ ಕಣ್ಣು, ಯಾವ ಔಷಧ ಎಂದು ಮೂರು ಬಾರಿ ಬೇರೆ ಬೇರೆಯವರು ಕೇಳಿ, ಬಲಗಣ್ಣಿನ ಮೇಲೆ ಹಣೆಗೆ ಗುರುತು ಹಾಕಿದರು. ಮರಗಟ್ಟಿಸುವ ಹನಿ, ಪೊವಿಡೋನ್ ಅಯೋಡಿನ್, ರೆಪ್ಪೆ ಅಗಲಿಸಿ ಹಿಡಿಯುವ ಸಾಧನ, ಕಪ್ಪುಗುಡ್ಡೆಯ ಅಂಚಿನಿಂದ 4 ಮಿಲಿಮೀಟರ್ ಅಳೆದು ಚುಚ್ಚುವುದು, ಒಳಹೋಗುವ ಔಷಧ 0.05 ಮಿಲಿಲೀಟರ್. ಕೂಡಲೇ ಬೆರಳು ಎಣಿಸಲು ಹೇಳಿ, ಒತ್ತಡ ಏರಿಲ್ಲವೆಂದು ನೋಡಿ ಕಳುಹಿಸಿದರು. ಒಳಗೆ ಹೋದವನು ಕಾಲು ಗಂಟೆಯಲ್ಲಿ ಹೊರಗೆ ಬಂದ. ಮುಂದಿನ ದಿನಗಳಲ್ಲಿ ನೋವು, ಕೆಂಪು, ದೃಷ್ಟಿ ಕುಸಿತ ಯಾವುದು ಕಂಡರೂ ರಾತ್ರಿಯೆನ್ನದೆ ಬರಬೇಕು ಎಂದು ಎಚ್ಚರಿಸಿದರು. ಆದರೆ ಕೊಟ್ಟ ತುರ್ತು ಸಂಖ್ಯೆಗೆ ಒಂದು ಭಾನುವಾರ ಸಂಜೆ ಕರೆ ಮಾಡಿದಾಗ ಯಾರೂ ಎತ್ತಲಿಲ್ಲ. ತಮ್ಮನಿಗೆ ಆಗಿದ್ದದ್ದು ಬಿಳಿಗುಡ್ಡೆಯ ಮೇಲಿನ ನಿರಪಾಯಕಾರಿ ರಕ್ತದ ಕಲೆ ಎಂದು ಮರುದಿನ ತಿಳಿಯಿತು. ಅದು ಎಂಡಾಫ್ತಾಲ್ಮೈಟಿಸ್ ಎಂಬ ಒಳಸೋಂಕಾಗಿದ್ದರೆ ಆ ಒಂದು ರಾತ್ರಿಯೇ ಕಣ್ಣಿನ ಅಳಿವು ಉಳಿವನ್ನು ನಿರ್ಧರಿಸುತ್ತಿತ್ತು. ಈ ಸೇವೆಯಲ್ಲಿ ನಾನು ಕಂಡ ಅತ್ಯಂತ ಗಂಭೀರ ಕೊರತೆ ಇದೇ, ಲಿಖಿತವಾಗಿ ಆಸ್ಪತ್ರೆಗೂ ತಿಳಿಸಿದ್ದೇನೆ. ಈಗ ರಾತ್ರಿ ಕರ್ತವ್ಯದ ವೈದ್ಯರ ಮೊಬೈಲ್ ಸಂಖ್ಯೆಯನ್ನು ಇಂಜೆಕ್ಷನ್ ಚೀಟಿಯ ಮೇಲೆ ಬರೆದುಕೊಡುತ್ತಿದ್ದಾರೆ.

ಇಂದಿಗೆ ತಮ್ಮನ ಊತ ಇಳಿದಿದೆ, ಫಲಕವನ್ನು ಮತ್ತೆ 6/6ರ ಸಾಲಿನವರೆಗೆ ಓದುತ್ತಾನೆ. ಆಮ್ಸ್ಲರ್ ಹಾಳೆಯ ಕಲೆ ಚಿಕ್ಕದಾಗಿದೆ, ಪೂರ್ತಿ ಹೋಗಿಲ್ಲ; ರಕ್ತ ಸಾಲದೆ ಸೊರಗಿದ ಪದರ ತೆಳುವಾಗಿಯೇ ಉಳಿಯುವುದರಿಂದ ಅದು ಹೋಗದೆಯೂ ಇರಬಹುದು ಎಂದು ಮೊದಲ ದಿನವೇ ಹೇಳಿದ್ದರು. ಒಟ್ಟು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ರೋಗನಿರ್ಣಯಕ್ಕೆ ಐದಕ್ಕೆ ಐದು, ಕೌನ್ಸೆಲಿಂಗ್ ಕೊಠಡಿಗೆ ಎರಡು.

ಹೋಗುವವರಿಗೆ ಕೆಲವು ಸೂಚನೆಗಳು. ಹಳೆಯ ಒಸಿಟಿ ವರದಿಗಳನ್ನು ಕಾಗದದ ಪ್ರತಿಯಲ್ಲಷ್ಟೇ ಕೊಡುತ್ತಾರೆ, ಪೆನ್‌ಡ್ರೈವ್ ಕೊಂಡೊಯ್ದು ಕೇಳಿದರೆ ಮೂಲ ಚಿತ್ರಗಳನ್ನೂ ಹಾಕಿಕೊಡುತ್ತಾರೆ; ಎರಡನೇ ಅಭಿಪ್ರಾಯ ಕೇಳುವಾಗ ಕಪ್ಪುಬಿಳುಪು ಮುದ್ರಣಕ್ಕಿಂತ ಅವು ಎಷ್ಟೋ ಉಪಯುಕ್ತ. ಮನೆಯಲ್ಲಿ ನೋಡಿದ ರಕ್ತದೊತ್ತಡದ ಲೆಕ್ಕ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಪಾಪೆ ಅಗಲಿಸಿದ ಮೇಲೆ ಗಂಟೆಗಳ ಕಾಲ ಗಾಡಿ ಓಡಿಸಲಾಗದು, ಜೊತೆಗೆ ಒಬ್ಬರು ಬೇಕು. ಆಂಜಿಯೋಗ್ರಫಿ ಬೆಳಗಿನ ಹೊತ್ತು ಮಾತ್ರ ನಡೆಯುವುದರಿಂದ ದೂರದ ಊರಿನವರು ಹಿಂದಿನ ದಿನವೇ ಫೋನ್ ಮಾಡಿ ಸಮಯ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು.